ಅಂಟು ಹಿಟ್ಟು

ಅತ್ತೆ-ಸೊಸೆಯ ನಡುವೆ ಹುಳಿ ಹಿಂಡಿದ್ದು ಒಂದು ಮರಿಗೆ. ಬ್ರೆಡ್ಡಿನ ಹಿಟ್ಟು ಕಲಸುವ ಮರದ ತೊಟ್ಟಿ ಅದು, ಮಾವನ ಕಾಲದ್ದು.

ಕೆಳಗೆ ಬೇಕರಿ, ಮೇಲೆ ಮನೆ. ಬೇಕರಿಗೆ ಯಜಮಾನಿ ಅತ್ತೆ. ಗಂಡ ತೀರಿಕೊಂಡ ಮೇಲೆ ಭಟ್ಟಿ ಆರದಂತೆ ನೋಡಿಕೊಂಡವಳು. ಅವಳ ಮಗ ಅಂಗಡಿಯಲ್ಲಿ ನಿಂತು ವ್ಯಾಪಾರ ನೋಡುತ್ತಿದ್ದ, ಹೋಟೆಲುಗಳಿಗೆ ಬ್ರೆಡ್ ಹಾಕಿ ಬರುತ್ತಿದ್ದ. ಯಾರು ಏನಂದರೂ ‘ಹೂಂ’ ಅನ್ನುವುದು ಅವನ ಸ್ವಭಾವ. ಬೀದಿಯವರು ಅವನಿಗೆ ‘ಹೂಂ ಸಾಹುಕಾರ’ ಅಂತಲೇ ಹೆಸರಿಟ್ಟಿದ್ದರು. ಸೊಸೆ ಊರಾಚೆಯ ಧಾನ್ಯ ಸಂಶೋಧನಾ ಕೇಂದ್ರದಲ್ಲಿ ಗೋಧಿಯ ಹೊಸ ತಳಿ ಮಾಡುವವಳು. ಒಂದು ತೆನೆಯ ಹೂವಿನಿಂದ ಗಂಡು ಭಾಗವನ್ನು ಚಿಮಟದಿಂದ ಕಿತ್ತು, ಇನ್ನೊಂದು ತೆನೆಯ ಪರಾಗ ಉದುರಿಸಿ, ಕಾಗದದ ಚೀಲ ತೊಡಿಸಿ ಬರುವ ಕೆಲಸ. “ಬೆಳಗಿಂದ ಸಂಜೆವರೆಗೂ ಗೋಧಿಗೆ ಮದುವೆ ಮಾಡಿಸ್ತಾಳೆ, ಮನೆಯಲ್ಲಿ ಒಂದು ಈರುಳ್ಳಿ ಹೆಚ್ಚೋಕೆ ಪುರಸೊತ್ತಿಲ್ಲ” ಅಂತ ಅತ್ತೆ ಗಿರಾಕಿಗಳ ಮುಂದೆ ಹೇಳಿ ನಗುವುದಿತ್ತು. ಆ ನಗುವಿನೊಳಗೆ ಒಂದಿಷ್ಟು ನಿಜವಾದ ಸಿಟ್ಟೂ ಇತ್ತು.

ಭಾನುವಾರ ಭಟ್ಟಿಗೆ ಬಿಡುವಾದಾಗ ಸೊಸೆ ಕೇಂದ್ರದಿಂದ ತಂದ ಹೊಸ ಹೈಬ್ರಿಡ್ ಗೋಧಿಯ ಹಿಟ್ಟಿನಲ್ಲಿ ಒಂದೆರಡು ಬ್ರೆಡ್ ಮಾಡಿ ನೋಡುತ್ತಿದ್ದಳು. ಆ ಹಿಟ್ಟು ನೀರು ಬಿದ್ದ ಕೂಡಲೇ ಬೆರಳುಗಳ ನಡುವೆ ಬಲೆ ಕಟ್ಟುತ್ತಿತ್ತು. ಮರಿಗೆಯ ಮೂಲೆಗೆ ಹೊಕ್ಕು ಒಣಗಿದರೆ ಕಲ್ಲು.

“ಇದೇನು ಹಿಟ್ಟೋ, ಗೋಡೆಗೆ ಪೋಸ್ಟರ್ ಅಂಟಿಸೋ ಗೋಂದೋ?” ಅತ್ತೆ ಸೆರಗು ಸಿಕ್ಕಿಸಿ ಮರಿಗೆ ಉಜ್ಜುತ್ತ ಕೇಳಿದಳು.

“ಬಿಡಿ ಅತ್ತೆ, ನಾನೇ ತೊಳೀತೀನಿ.”

“ನೀನು ತೊಳೆಯೋ ಚೆಂದ ಗೊತ್ತಿದೆ. ಹೋದ ವಾರದ್ದನ್ನ ಚಾಕು ತಗೊಂಡು ಕೆರೆದವಳು ನಾನು. ನಿಮ್ಮ ಕೇಂದ್ರದಲ್ಲಿ ಮರಿಗೆ ಇಲ್ವಾ?”

“ಅಲ್ಲಿರೋದು ಮೆಷಿನ್ನು. ಅದು ಅಂಕಿ ಕೊಡುತ್ತೆ. ಬ್ರೆಡ್ ಕೊಡಲ್ಲ.”

ಅಂದು ಮಧ್ಯಾಹ್ನದ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಜೊತೆಗೆ ಆ ಹೈಬ್ರಿಡ್ಡಿನ ಬ್ರೆಡ್. ಸೊಸೆಯ ಮಗಳು, ಆರನೇ ತರಗತಿಯ ಪುಟ್ಟಿ, ಒಂದು ಚೂರನ್ನು ಬೆರಳಲ್ಲಿ ಒತ್ತಿ ನೋಡಿದಳು. ಒತ್ತಿದ ಗುಳಿ ಮೇಲೇಳಲೇ ಇಲ್ಲ.

“ಅಮ್ಮ, ಇದು ಯಾಕೆ ಹೀಗೆ?”

“ಈ ಗೋಧಿಗೆ ತುಕ್ಕು ರೋಗ ತಾಗಲ್ಲ ಪುಟ್ಟಿ. ಈಗ ಗಾಳಿಯಲ್ಲಿ ಹೊಸ ಜಾತಿಯ ತುಕ್ಕು ಬಂದಿದೆ. ಎಲೆ ಮೇಲೆಲ್ಲ ಕಿತ್ತಳೆ ಬಣ್ಣದ ಪುಡಿ, ಕಾಳು ಕಟ್ಟೋ ಮೊದಲೇ ಗಿಡ ಒಣಗುತ್ತೆ. ನಮ್ಮ ಬೇಕರಿಗೆ ಬರೋ ಹಳೇ ಗೋಧಿ ಇದೆಯಲ್ಲ, ಅದು ಎಲ್ಲ ಕಡೆ ಮಲಗ್ತಿದೆ. ಈ ಹೈಬ್ರಿಡ್ ಮಾತ್ರ ಹಸಿರಾಗಿ ನಿಂತಿದೆ. ಆ ಶಕ್ತಿ ಅದಕ್ಕೆ ಬಂದಿದ್ದು ರೈ ಅನ್ನೋ ಬೇರೆ ಧಾನ್ಯದಿಂದ. ಗೋಧಿಗೆ ದೂರದ ನಂಟು ಅದು. ಶಕ್ತಿ ಬಂತು, ಬೆನ್ನಿಗೇ ಈ ಅಂಟೂ ಬಂತು. ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಡಿಸೋಕೆ ಇನ್ನೂ ಆಗಿಲ್ಲ.”

“ಸಂಬಂಧ ಬೆಳೆಸಿದ್ರೆ ಹಾಗೇ ತಾಯಿ,” ಅಂದಳು ಅತ್ತೆ. “ಹೆಣ್ಣು ಒಬ್ಬಳೇ ಬರಲ್ಲ. ತವರಿನ ಬುದ್ಧೀನೂ ಗಂಟು ಕಟ್ಕೊಂಡು ಬರ್ತಾಳೆ.”

“ಹೂಂ,” ಅಂದ ಮಗ. ಆಮೇಲೆ ಹೆಂಡತಿಯ ಮುಖ ನೋಡಿ, ತಟ್ಟೆಯಲ್ಲಿ ಆಲೂಗಡ್ಡೆ ಹುಡುಕತೊಡಗಿದ.

ಆ ಮಾತಾಡಿ ಹೆಚ್ಚು ದಿನ ಆಗಿರಲಿಲ್ಲ, ತವರೇ ಬಾಗಿಲಿಗೆ ಬಂತು. ಸೊಸೆಯ ಅಣ್ಣ ಹೆಗಲಿಗೊಂದು ಚೀಲ ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಆಳು ಎತ್ತರದವನು, ದನಿ ಅದಕ್ಕಿಂತ ಎತ್ತರ. ಪ್ಯಾಂಟಿನ ಮೊಣಕಾಲವರೆಗೆ ಇಟ್ಟಿಗೆ ಪುಡಿ ಎರಚಿದಂತೆ ಕೆಂಪು-ಕಿತ್ತಳೆ ಬಣ್ಣ.

“ಕೊನೇ ಸಲ ಹೊಲದಲ್ಲಿ ಒಂದು ಸುತ್ತು ಹಾಕಿ ಬಂದೆ,” ಅಂದ. “ಒಂದು ಚೀಲ ಕಾಳೂ ಆಗಲ್ಲ. ಎಲ್ಲ ಉತ್ತು ಹಾಕಿಸಿಬಿಟ್ಟೆ.”

ತಂಗಿ ಬಾಯಿ ಬಿಡುವ ಮೊದಲೇ ಅತ್ತೆ ಬಂದಳು. “ಮೊದಲು ಆ ಪ್ಯಾಂಟು ಬದಲಾಯಿಸಪ್ಪ. ನನ್ನ ಬೇಕರಿಗೆ ತುಕ್ಕು ತರಬೇಡ.”

“ಇದು ಬ್ರೆಡ್ಡಿಗೆ ಹಿಡಿಯಲ್ಲಮ್ಮ.”

“ಕಣ್ಣಿಗೆ ಹಿಡಿಯುತ್ತಲ್ಲ! ಬಾ ಒಳಗೆ. ಊಟ ಆಯ್ತಾ?”

ಹಸುಗಳನ್ನು ನೋಡಿಕೊಳ್ಳಲು ಹೆಂಡತಿಯನ್ನು ಊರಲ್ಲಿ ಬಿಟ್ಟು, ಮುಂದಿನ ಬಿತ್ತನೆವರೆಗೆ ಎಲ್ಲಾದರೂ ದುಡಿಯೋಣ ಅಂತ ಹೊರಟವನು ಅವನು. ಎಲ್ಲಾದರೂ ಯಾಕೆ, ಇಲ್ಲೇ ಇರಲಿ ಅಂದಳು ಅತ್ತೆ. ಮೂಟೆ ಹೊರಲು ಅವಳಿಗೂ ಒಬ್ಬ ಆಳು ಬೇಕಾಗಿದ್ದ. ಹಿಟ್ಟಿನ ಕೋಣೆಯ ಪಕ್ಕ ಅವನಿಗೊಂದು ಮಂಚ ಹಾಕಿಸಿದಳು. ಬೆಳಗ್ಗೆ ಅತ್ತೆ ಇಳಿದು ಬರುವ ಮೊದಲೇ ಹಿಟ್ಟನ್ನು ಜರಡಿ ಹಿಡಿದು ಮರಿಗೆಗೆ ತುಂಬಿಡುವುದು, ಸೌದೆ ಒಳಗೆ ಹಾಕುವುದು, ಬಿಸಿ ಅಚ್ಚುಗಳನ್ನು ಎಳೆಯುವುದು ಅವನ ಪಾಲಿಗೆ ಬಂತು. ಮೊದಲ ವಾರ ಎರಡು ಅಚ್ಚು ಸೊಟ್ಟ ಮಾಡಿದ, ಅಂಗೈ ಸುಟ್ಟುಕೊಂಡ, ಒಬ್ಬನೇ ಒಂದು ಇಡೀ ಬ್ರೆಡ್ ತಿಂದ.

“ನಿಮ್ಮಣ್ಣನ ಹೊಟ್ಟೇನೋ, ಭಟ್ಟೀನೋ?” ಅತ್ತೆ ಸೊಸೆಯನ್ನು ಕೇಳಿದಳು. ಆದರೆ ಮರುದಿನ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಬಿತ್ತು. ಅವನ ಜೋರು ದನಿ ಅವಳಿಗೆ ಹಿಡಿಸಿತ್ತು. ‘ಹೂಂ’ ಬಿಟ್ಟು ಬೇರೆ ಮಾತಾಡುವ ಗಂಡಸು ಆ ಮನೆಯಲ್ಲಿ ಬಹಳ ವರ್ಷದಿಂದ ಇರಲಿಲ್ಲ.

ಊಟಕ್ಕೆ ಕೂತಾಗ ಮಾತ್ರ ಗೋಧಿಯ ಮಾತು ಬಂದೇ ಬರುತ್ತಿತ್ತು.

“ನಿಮ್ಮ ಕೇಂದ್ರದಲ್ಲಿ ಹೈಬ್ರಿಡ್ ಹಸಿರಾಗಿ ನಿಂತಿದೆ ಅಂತೀಯ. ಅದನ್ನ ರೈತರಿಗೆ ಕೊಡೋಕೆ ನಿಮಗೇನು ರೋಗ?”

“ಬ್ರೆಡ್ ಏಳಲ್ಲ ಅಣ್ಣ.”

“ನನ್ನ ಹೊಲದಲ್ಲಿ ಗೋಧೀನೇ ಏಳಲಿಲ್ಲವಲ್ಲೇ!”

“ಬ್ರೆಡ್ ಏಳದೇ ಇರೋ ಗೋಧಿನ ದನಕ್ಕೆ ಹಾಕಬೇಕು,” ಅತ್ತೆ ನಡುವೆ ಬಾಯಿ ಹಾಕಿದಳು.

“ಹಾಕೋಣ ಅಮ್ಮ. ಆಮೇಲೆ ನೀವು ಭಟ್ಟಿಯಲ್ಲಿ ಏನು ಬೇಯಿಸ್ತೀರಿ? ಗಾಳೀನಾ? ಈಗಲೇ ಬರ್ತಿರೋ ಹಿಟ್ಟು ನೋಡಿ, ಅರ್ಧ ಜೊಳ್ಳು.”

ಅದು ಸುಳ್ಳಾಗಿರಲಿಲ್ಲ. ಗಿರಣಿಯಿಂದ ಬರುತ್ತಿದ್ದ ಹಳೆಯ ಗೋಧಿಯ ಹಿಟ್ಟು ವಾರದಿಂದ ವಾರಕ್ಕೆ ಬಡವಾಗುತ್ತಿತ್ತು. ಅತ್ತೆ ಮೊದಲಿನ ದಾಸ್ತಾನಿನ ಒಳ್ಳೆಯ ಹಿಟ್ಟನ್ನು ದೊಡ್ಡ ಡ್ರಮ್ಮಿನಲ್ಲಿ ಮುಚ್ಚಿಟ್ಟು, ಹಿಡಿ ಹಿಡಿಯಾಗಿ ಬೆರೆಸಿ ಕಾಲ ತಳ್ಳುತ್ತಿದ್ದಳು.

“ತಂಗಿ ಅಲ್ಲೇ ಇದ್ದೂ ಒಂದು ಮೂಟೆ ಬೀಜ ಕೈಗೆ ಸಿಗಲಿಲ್ಲ,” ಅಣ್ಣ ಎದ್ದು ಕೈ ತೊಳೆಯುತ್ತ ಗೊಣಗಿದ. ಸೊಸೆ ಕೇಳಿಸಿಕೊಂಡಳು. ಅವಳಿಗೆ ಹುಟ್ಟಿದ ಮನೆ ಒಂದು ಮಾತು ಹೇಳುತ್ತಿತ್ತು, ಸೇರಿದ ಮನೆ ಇನ್ನೊಂದು. ಎರಡೂ ಮನೆಯವರು ಒಂದೇ ಮೇಜಿನಲ್ಲಿ ಕೂತು ಅವಳ ಕೈಯಿಂದಲೇ ಬಡಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥರು ಒಂದು ನಿರ್ಧಾರಕ್ಕೆ ಬಂದರು. ತಳಿಯನ್ನು ಬಿಡುಗಡೆ ಮಾಡುವ ಸಮಿತಿ ಸದ್ಯದಲ್ಲೇ ಸೇರಬೇಕು. ಅದಕ್ಕೂ ಮೊದಲು ಮೂರು ಬೇಕರಿಗಳಲ್ಲಿ ಈ ಹಿಟ್ಟಿನ ಬ್ರೆಡ್ ಮಾಡಿಸಿ ನೋಡಬೇಕು. ಮೂರರಲ್ಲಿ ಒಂದು ಅತ್ತೆಯ ಬೇಕರಿ.

“ಸರ್, ಅದು ನಮ್ಮ ಮನೆ,” ಅಂದಳು ಸೊಸೆ. “ನಾಳೆ ಯಾರಾದರೂ ಆಡಿಕೊಳ್ತಾರೆ.”

“ಊರಲ್ಲಿ ಕೈಯಲ್ಲಿ ಕಲಸೋ ಬೇಕರಿ ಇನ್ನೊಂದಿದ್ರೆ ಹೇಳಿ, ಅಲ್ಲಿಗೇ ಕಳಿಸ್ತೀನಿ. ನೀವು ಆವತ್ತು ಮನೆಯಲ್ಲಿ ಇರಬೇಡಿ, ಅಷ್ಟೇ.”

ಮನೆಗೆ ಬಂದು ಹೇಳಿದಾಗ ಅತ್ತೆ ಖಡಾಖಂಡಿತವಾಗಿ ಅಂದಳು: “ಸೊಸೆ ಅಂತ ನಾನೇನೂ ದಾಕ್ಷಿಣ್ಯ ಮಾಡಲ್ಲ. ಏಳಲಿಲ್ಲ ಅಂದ್ರೆ ಏಳಲಿಲ್ಲ. ಬಂದದ್ದು ಬಂದ ಹಾಗೆ ಕಳಿಸ್ತೀನಿ.”

“ಹಾಗೇ ಕಳಿಸಿ ಅತ್ತೆ. ನನಗೂ ಅದೇ ಬೇಕು.”

ಆ ದಿನ ಸೊಸೆ ಬೆಳಗ್ಗೆಯೇ ಕೇಂದ್ರಕ್ಕೆ ಹೋದಳು. ಅತ್ತೆ ಕೆಳಗಿಳಿದು, ಕೇಂದ್ರದಿಂದ ಬಂದ ಮೂಟೆಯ ಹಿಟ್ಟನ್ನು ಅಣ್ಣ ಜರಡಿ ಹಿಡಿದು ತುಂಬಿಟ್ಟಿದ್ದ ಮರಿಗೆಗೆ ಈಸ್ಟು, ಉಪ್ಪು, ನೀರು ಹಾಕಿ ಕೈ ಇಟ್ಟಳು. ಹಿಟ್ಟು ಕೊಂಚ ಜಿಗುಟಿತ್ತು, ಆದರೆ ಮಾತು ಕೇಳಿತು. ಮಡಚಿದಳು, ಗುದ್ದಿದಳು, ಬಟ್ಟೆ ಮುಚ್ಚಿ ಕಾದಳು. ಹಿಟ್ಟು ಉಬ್ಬಿ ಬಟ್ಟೆಯನ್ನು ಎತ್ತಿ ನಿಂತಿತು. ಭಟ್ಟಿಯಿಂದ ಹೊರಬಂದ ಬ್ರೆಡ್ಡುಗಳು ಬಂಗಾರದ ಬಣ್ಣ, ತಟ್ಟಿದರೆ ಡೋಲಿನ ಸದ್ದು.

“ಏ, ಬಾರೋ ಇಲ್ಲಿ!” ಅತ್ತೆ ಮಗನನ್ನು ಅಂಗಡಿಯಿಂದ ಕೂಗಿದಳು. “ನೋಡು. ಅವಳ ಗೋಂದು ನನ್ನ ಕೈಗೆ ಬಗ್ಗಿತು!”

“ಹೂಂ!” ಅಂದ ಮಗ. ಈ ಸಲ ಮನಸಾರೆ.

ಅಣ್ಣ ಬ್ರೆಡ್ಡುಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದ. ಅಂದು ಅವನು ಅರ್ಧ ಊಟಕ್ಕೇ ಎದ್ದದ್ದನ್ನು ಯಾರೂ ಗಮನಿಸಲಿಲ್ಲ.

ಉಳಿದೆರಡು ಬೇಕರಿಗಳಿಂದ ಚಪ್ಪಟೆ ಬ್ರೆಡ್ ಬಂದಿತ್ತು. ಹಿಟ್ಟು ಮೆಷಿನ್ನಿಗೆ ಅಂಟಿ ಅರ್ಧ ದಿನ ಹಾಳಾಯಿತು ಅಂತ ಒಬ್ಬ ಬೈದು ಕಳಿಸಿದ್ದ. ಮುಖ್ಯಸ್ಥರು ಅತ್ತೆಯ ಬ್ರೆಡ್ಡನ್ನು ಎರಡಾಗಿ ಮುರಿದು ಎಲ್ಲರಿಗೂ ತೋರಿಸಿದರು. “ದೋಷ ಗೋಧಿಯದಲ್ಲ, ಕಲಸೋ ರೀತಿಯದು. ಈ ತಾಯಿ ಕೈಯಲ್ಲಿ ಆಗೋದು ಬೇರೆಯವರ ಕೈಯಲ್ಲೂ ಆಗುತ್ತೆ, ಕಲಿಸಿದ್ರೆ.” ಊರಿನ ಬೇಕರಿಯವರನ್ನೆಲ್ಲ ಕೇಂದ್ರಕ್ಕೆ ಕರೆಸುವುದು, ಅತ್ತೆ ಅವರ ಮುಂದೆ ಕಲಸಿ ತೋರಿಸುವುದು ಅಂತ ಅಲ್ಲೇ ತೀರ್ಮಾನವಾಯಿತು.

ಸೊಸೆಗೆ ನಂಬಲಾಗಲಿಲ್ಲ, ನಂಬದೆ ಇರಲೂ ಆಗಲಿಲ್ಲ. ಅಷ್ಟು ವರ್ಷ ಬೇಡಿದ್ದು ಸಿಕ್ಕಿತ್ತು. ದಾರಿಯಲ್ಲಿ ಅತ್ತೆಗೆ ದಪ್ಪ ಬಟ್ಟೆಯ ಹೊಸ ಏಪ್ರನ್ ಕೊಂಡು ತಂದಳು. ಮನೆಗೆ ಬೇಸಗೆ ಕಳೆದು ಮಳೆ ಬಂದಂತಾಯಿತು. ಸೊಸೆ ತಡವಾಗಿ ಬಂದರೂ ಈಗ ಅತ್ತೆ ಬೈಯುತ್ತಿರಲಿಲ್ಲ. “ನಮ್ಮವಳ ಗೋಧಿ” ಅಂತ ಗಿರಾಕಿಗಳಿಗೆ ಹೇಳುತ್ತಿದ್ದಳು. ಸೊಸೆ ಸಂಜೆ ಅತ್ತೆಯ ಪಕ್ಕ ಕೂತು, “ನೀರು ಯಾವಾಗ ಹಾಕಿದಿರಿ? ತಣ್ಣೀರಾ? ಎಷ್ಟು ಹೊತ್ತು ನಾದಿದಿರಿ?” ಅಂತ ಕೇಳುವಳು. ಅತ್ತೆ ಬೀಗುತ್ತ, “ಅದೆಲ್ಲ ಬಾಯಲ್ಲಿ ಹೇಳೋಕೆ ಬರಲ್ಲ ಕಣೇ, ಕೈಗುಣ” ಅನ್ನುವಳು.

“ಕೈಗುಣಾನ ಸಮಿತಿಗೆ ಹೇಗೆ ಹೇಳಲಿ ಅತ್ತೆ?”

“ನನ್ನ ಕೈಯನ್ನೇ ಕಳಿಸು, ಪೆಟ್ಟಿಗೆಯಲ್ಲಿ ಹಾಕಿ!”

ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಒಂದು ಕ್ಷಣ ತಡವಾಗಿ.

ಕೇಂದ್ರಕ್ಕೆ ಹೋಗುವ ಮೊದಲಿನ ಭಾನುವಾರ ಅತ್ತೆ ಒಂದು ಸಲ ಮಾಡಿ ನೋಡುವೆ ಅಂದಳು. “ಅಷ್ಟು ಜನರ ಮುಂದೆ ಕೈ ನಡುಗಬಾರದು ನೋಡು.” ಹೊಸ ಏಪ್ರನ್ ಕಟ್ಟಿಕೊಂಡು, ಮೊಮ್ಮಗಳನ್ನು ಬೇಕರಿಯವರ ಹಾಗೆ ಎದುರಿಗೆ ಕೂರಿಸಿಕೊಂಡಳು. ಮಗ, ಸೊಸೆ ಬೆಂಚಿನ ಮೇಲೆ ಕೂತರು. ಅಣ್ಣ ಸೌದೆ ಒಡೆಯಲು ಹಿತ್ತಲಿಗೆ ಹೋಗಿದ್ದ. ಅತ್ತೆ ಕೇಂದ್ರದ ಮೂಟೆಯ ಬಾಯಿ ತಾನೇ ಬಿಚ್ಚಿ, ತಾನೇ ಜರಡಿ ಹಿಡಿದಳು.

“ನೋಡಿ ಸ್ವಾಮಿ, ಮೊದಲು ನೀರು ಸ್ವಲ್ಪವೇ,” ಅಂತ ಪುಟ್ಟಿಗೆ ಪಾಠ ಶುರುಮಾಡಿದಳು.

ಹಿಟ್ಟು ಕೈಗೆ ಅಂಟಿಕೊಂಡಿತು. ಅತ್ತೆ ಇನ್ನಷ್ಟು ಹಿಟ್ಟು ಉದುರಿಸಿದಳು. ಉಪ್ಪು ಹಾಕಿದಳು. ಮಡಚಲು ಹೋದರೆ ಹಿಟ್ಟು ಹರಿದು ಮೊಣಕೈವರೆಗೆ ಏರಿತು. ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಂಡು ಮತ್ತೆ ನಾದಿದಳು. ಪುಟ್ಟಿ, “ಅಜ್ಜಿ, ಅಂಟ್ತಾ ಇದೆ” ಅಂದಳು.

“ಗೊತ್ತು, ಸುಮ್ನಿರು.”

ಕೊನೆಗೆ ಅತ್ತೆ ನಿಂತಳು. ಎರಡೂ ಕೈಗಳಿಗೆ ಹಿಟ್ಟಿನ ಗವುಸು ತೊಟ್ಟಂತಿತ್ತು. “ಆವತ್ತು ಹೀಗಿರಲಿಲ್ಲ,” ಅಂದಳು ಮೆಲ್ಲಗೆ. “ನನ್ನ ಕೈ ನನಗೆ ಗೊತ್ತಿಲ್ವಾ? ಆವತ್ತಿನದು ಈ ಹಿಟ್ಟಲ್ಲ.”

ಹಿತ್ತಲ ಬಾಗಿಲಲ್ಲಿ ಅಣ್ಣ ಸೌದೆಯ ಹೊರೆ ಹಿಡಿದು ನಿಂತಿದ್ದ. ಹೊರೆಯನ್ನು ಕೆಳಗಿಟ್ಟ.

“ಅರ್ಧ ನಿಮ್ಮ ಡ್ರಮ್ಮಿನದು ಅಮ್ಮ,” ಅಂದ. “ಆವತ್ತು ಬೆಳಗ್ಗೆ ನಾನೇ ಬೆರೆಸಿ ಇಟ್ಟಿದ್ದೆ.”

ಸೊಸೆ ಎದ್ದು ನಿಂತಳು. “ಏನಂದೆ ಅಣ್ಣ?”

“ಕೇಳಿಸಿತಲ್ಲ.”

“ಯಾಕೆ? ನಾನು ನಿನಗೇನು ಮಾಡಿದ್ದೆ?”

“ನೀನು ಏನೂ ಮಾಡಲಿಲ್ಲ! ಅದಕ್ಕೇ!” ಅವನ ದನಿ ಏರಿತು. “ಬೀಜ ಇದೆ, ರೋಗ ತಾಗಲ್ಲ, ಕಣ್ಣಾರೆ ನೋಡಿದ್ದೀಯ. ಆದರೂ ಅಂಟುತ್ತೆ, ಉಬ್ಬಲ್ಲ ಅಂತ ಒಂದೊಂದು ವರ್ಷಾನೂ ಮುಂದಕ್ಕೆ ಹಾಕ್ತೀರಿ. ನಮ್ಮ ಸುತ್ತ ಯಾರ ಹೊಲವೂ ಉಳಿದಿಲ್ಲ. ಬ್ರೆಡ್ ಉಬ್ಬದಿದ್ರೆ ಜನ ಸಾಯಲ್ಲ ಕಣೇ.”

“ನಾಳೆ ಎಲ್ಲರೂ ಅದನ್ನೇ ಬಿತ್ತಿ, ಬೇಕರಿಯವರು ಮೂಟೆಗಟ್ಟಲೆ ವಾಪಸ್ ಕಳಿಸಿದ್ರೆ? ಆಗ ಯಾರ ಕಾಲು ಹಿಡೀತೀಯ? ಮುಂದೆ ಒಳ್ಳೇ ತಳಿ ಕೊಟ್ರೂ ನಮ್ಮ ಮಾತು ಯಾರು ನಂಬ್ತಾರೆ?”

“ಮುಂದಿನದು ಮುಂದೆ. ನನಗೆ ಈ ವರ್ಷ ಬಿತ್ತಬೇಕು.”

ಅತ್ತೆ ಇಬ್ಬರನ್ನೂ ನೋಡಲಿಲ್ಲ. ನೀರಿನ ಬಕೆಟ್ಟಿನಲ್ಲಿ ಕೈ ಮುಳುಗಿಸಿ, ಬೆರಳು ಬೆರಳಾಗಿ ಹಿಟ್ಟು ಬಿಡಿಸುತ್ತಿದ್ದಳು. ಮಗ ಗಂಟಲು ಸರಿಮಾಡಿಕೊಂಡ.

“ಅಮ್ಮ, ಒಂದು ದಿನದ ಮಾತು ತಾನೆ. ಎಲ್ಲರಿಗೂ ಹೇಳಿ ಆಗಿದೆ. ಅಲ್ಲೂ ಭಾವನೇ ಜರಡಿ ಹಿಡೀಲಿ. ಆಮೇಲೆ ಅವರವರ ಕೈ, ಅವರವರ ಹಿಟ್ಟು.”

ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದು ಅಪರೂಪ. ಅತ್ತೆ ತಲೆ ಎತ್ತಿದಳು.

“ಇಷ್ಟು ವರ್ಷ ಹೂಂ ಅಂತಿದ್ದವನು ಇವತ್ತು ಬಾಯಿ ಬಿಟ್ಟು ಇದನ್ನಾ ಹೇಳೋದು? ನನ್ನ ಮಾತು ನಂಬಿ ಹತ್ತು ಬೇಕರಿಯವರು ಈ ಹಿಟ್ಟು ಕೊಳ್ತಾರೆ. ಬೆಳಗ್ಗೆ ಅವರ ಕೈ ಹೀಗೆ ಸಿಕ್ಕಿಹಾಕ್ಕೊಂಡಾಗ ಯಾರ ಹೆಸರು ಹಿಡಿದು ಬೈತಾರೆ? ನಿನ್ನ ಭಾವನದಾ?”

ಅತ್ತೆ ಏಪ್ರನ್ ಬಿಚ್ಚಿ, ಮಡಚಿ, ಸೊಸೆಯ ಕೈಗೆ ಕೊಟ್ಟಳು. “ಕೈಗುಣ ಅಂತ ಊರೆಲ್ಲ ಹೇಳ್ಕೊಂಡು ಬಂದೆ,” ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೊಸೆ ಮದುವೆಯಾಗಿ ಬಂದಾಗಿನಿಂದ ಅತ್ತೆ ಅತ್ತದ್ದನ್ನು ನೋಡಿದ್ದು ಮಾವ ಹೋದಾಗ ಒಂದೇ ಸಲ. ಇದು ಎರಡನೇದು.

ಮರುದಿನ ಸೊಸೆ ಅಣ್ಣನ ಜೊತೆ ಕೇಂದ್ರಕ್ಕೆ ಹೊರಟಳು. ಅಣ್ಣ ತಾನೇ ಹೇಳುತ್ತೇನೆಂದು ಹಟ ಹಿಡಿದಿದ್ದ. ಮುಖ್ಯಸ್ಥರು ಎಲ್ಲ ಕೇಳಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

“ನಿಮ್ಮನ್ನ ಬೈಯೋಕೂ ನನಗೆ ಬಾಯಿಲ್ಲ,” ಅಂದರು ಅಣ್ಣನಿಗೆ. “ದಿನಾ ನಿಮ್ಮಂಥವರದೇ ಫೋನು. ಯಾವಾಗ ಕೊಡ್ತೀರಿ, ಯಾವಾಗ ಕೊಡ್ತೀರಿ. ನಾನೂ ಆ ಬ್ರೆಡ್ ನೋಡಿ, ನಂಬಬೇಕು ಅಂತಲೇ ನಂಬಿದೆ.” ಆಮೇಲೆ ಸೊಸೆಯ ಕಡೆ ತಿರುಗಿದರು. “ಆದರೆ ಇದು ನಿಮ್ಮ ಮನೆಯಲ್ಲಿ ಆಗಿದ್ದು. ಈ ತಳಿ ಇನ್ನು ನಿಮ್ಮ ಕೈಯಲ್ಲಿ ಇರೋಕಾಗಲ್ಲ. ಬೇರೆಯವರಿಗೆ ಕೊಡಬೇಕಾಗುತ್ತೆ.”

“ಗೊತ್ತು ಸರ್.”

“ಬೇಕರಿಯವರಿಗೆ ಬರಬೇಡಿ ಅಂತ ಹೇಳಿ ಕಳಿಸ್ತೀನಿ.”

“ಬೇಡ ಸರ್. ನಮ್ಮತ್ತೆ ಬರ್ತಾರಂತೆ. ಕರೆದಿದ್ದಾರೆ ಅಂದಮೇಲೆ ಹೋಗ್ತೀನಿ, ಹೇಳೋದನ್ನ ಹೇಳಿ ಬರ್ತೀನಿ ಅಂದ್ರು.”

ಅತ್ತೆ ಹೋದಳು. ಹೊಸ ಏಪ್ರನ್ ಅಲ್ಲ, ದಿನದ ಮಾಸಲು ಏಪ್ರನ್ ಕಟ್ಟಿಕೊಂಡು ನಿಂತಳು. ಮುಂದೆ ಊರಿನ ಬೇಕರಿಯವರೆಲ್ಲ ಕೂತಿದ್ದರು. ಅರ್ಧ ಜನ ಅವಳಿಗೆ ಪರಿಚಯದವರು, ಕೆಲವರು ಎದುರಾಳಿಗಳು. “ನನ್ನ ಬ್ರೆಡ್ ಎದ್ದಿತ್ತು ಅಂತ ನಿಮಗೆ ಹೇಳಿದ್ದಾರೆ,” ಅಂದಳು. “ಅದರಲ್ಲಿ ಅರ್ಧ ಹಳೇ ಹಿಟ್ಟಿತ್ತು. ಆವತ್ತು ನನಗೆ ಗೊತ್ತಿರಲಿಲ್ಲ, ಈಗ ಗೊತ್ತು. ಈಗ ಬರೀ ಹೊಸದನ್ನ ಕಲಸ್ತೀನಿ, ನೋಡಿ.” ಕಲಸಿದಳು. ಅಂಟಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ನಾದುವುದನ್ನು ನಿಲ್ಲಿಸಲಿಲ್ಲ. ಪೂರಾ ಮುಗಿಸಿ, ಚಪ್ಪಟೆ ಬ್ರೆಡ್ಡನ್ನು ಭಟ್ಟಿಯಿಂದ ತೆಗೆದು, ಕುಯ್ದು, ಎಲ್ಲರಿಗೂ ಒಂದೊಂದು ಚೂರು ಹಂಚಿಯೇ ಕೆಳಗಿಳಿದಳು.

ಸಮಿತಿ ಸೇರಿತು, ಎರಡು ದಿನ ವಾದ ಮಾಡಿತು. ಕೊನೆಗೆ ತುಕ್ಕು ಜಾಸ್ತಿ ಇರುವ ಕಡೆ ಮಾತ್ರ ಈ ಹೈಬ್ರಿಡ್ ಬೀಜ ಕೊಡುವುದು, ಮೂಟೆಯ ಮೇಲೆ ‘ಬಿಸ್ಕತ್ತಿಗೆ, ಮೇವಿಗೆ, ಬ್ರೆಡ್ಡಿಗಲ್ಲ’ ಅಂತ ಅಚ್ಚು ಹಾಕಿಸುವುದು ಅಂತಾಯಿತು. ಬೆಲೆ ಕಡಿಮೆ ಸಿಗುತ್ತದೆ. ಆದರೆ ಬೆಳೆ ಕೈಗೆ ಬರುತ್ತದೆ. ಸೊಸೆಗೆ ಉಳಿದದ್ದು ಕೇಂದ್ರದ ಹೊಲದ ಮೂಲೆಯ ಒಂದು ಸಣ್ಣ ತಾಕು. ಅಲ್ಲಿ ಅವಳು ಮತ್ತೆ ಚಿಮಟ ಹಿಡಿದು, ರೈಯಿಂದ ಬಂದ ಅಂಟನ್ನು ಕಳಚಿ ಶಕ್ತಿಯನ್ನಷ್ಟೇ ಉಳಿಸಿಕೊಳ್ಳುವ ಗಿಡಕ್ಕಾಗಿ ಹೊಸದಾಗಿ ತೆನೆ ಕೂಡಿಸತೊಡಗಿದಳು.

“ಎಷ್ಟು ವರ್ಷ ಹಿಡಿಯುತ್ತೆ?” ಅತ್ತೆ ಕೇಳಿದಳು.

“ಐದಾರು ಆಗಬಹುದು. ಆಗದೇ ಇರಲೂಬಹುದು.”

“ಹಾಗಾದ್ರೆ ಬೇಗ ಊಟ ಮಾಡಿ ಮಲಗು. ನಾಳೆ ಬೇಗ ಹೋಗಬೇಕಲ್ಲ.”

ಸೊಸೆಯ ಜೊತೆ ಅತ್ತೆಯ ಮಾತು ಹೀಗೆ ಮೆದುವಾಗಿತ್ತು. ಅಣ್ಣನ ಜೊತೆ ಮಾತ್ರ ಪೂರಾ ನಿಂತುಹೋಗಿತ್ತು. ಹೊರಟುಹೋಗು ಅನ್ನಲಿಲ್ಲ, ಅವನ ತಟ್ಟೆಗೆ ಮೊಟ್ಟೆ ಹಾಕುವುದನ್ನೂ ಬಿಡಲಿಲ್ಲ. “ಪುಟ್ಟಿ, ಸೌದೆ ಮುಗಿದಿದೆ ಅಂತ ನಿಮ್ಮ ಮಾಮನಿಗೆ ಹೇಳು,” ಅನ್ನುವಳು, ಅವನು ಎದುರಿಗೇ ನಿಂತಿದ್ದರೂ. “ಅಜ್ಜಿ, ಮಾಮನಿಗೆ ಕೇಳಿಸಿತು,” ಅಂದರೆ, “ಆದರೂ ಹೇಳು,” ಅನ್ನುವಳು. ಜರಡಿಯನ್ನು ಅವನ ಕೈಗೆ ಮತ್ತೆ ಕೊಡಲಿಲ್ಲ. ಅಣ್ಣ ಅದಕ್ಕೆ ಎದುರಾಡಲಿಲ್ಲ. ಮೂಟೆ ಹೊತ್ತ, ಅಚ್ಚು ಎಳೆದ, ಮೊದಲಿನ ಅರ್ಧ ದನಿಯಲ್ಲಿ ಮಾತಾಡಿದ. ಬಿತ್ತನೆ ಹತ್ತಿರವಾದಾಗ ತಂಗಿಯ ಹೆಸರು ಹೇಳದೆ, ಎಲ್ಲರ ಜೊತೆ ಸಾಲಿನಲ್ಲಿ ನಿಂತು ಹೈಬ್ರಿಡ್ ಬೀಜ ಪಡೆದು ಊರಿಗೆ ಹೋದ. ಹೋಗುವಾಗ ಅತ್ತೆಯ ಮುಂದೆ ಬಂದು, “ಬರ್ತೀನಮ್ಮ” ಅಂದ. ಅತ್ತೆ ಭಟ್ಟಿಯ ಬಾಗಿಲು ಮುಚ್ಚುತ್ತ, “ಪುಟ್ಟಿ, ದಾರಿಗೆ ಬ್ರೆಡ್ ಕಟ್ಟಿಟ್ಟಿದ್ದೀನಿ ಅಂತ ಹೇಳು” ಅಂದಳು.

ತೆನೆ ಬಲಿಯುವ ಹೊತ್ತಿಗೆ ಅವನ ಫೋನು ಬಂತು. ಎಲ್ಲರೂ ಬಂದು ಹೊಲ ನೋಡಬೇಕಂತೆ. ಅತ್ತೆ ಮೊದಲು ಒಲ್ಲೆ ಅಂದಳು, ಬೇಕರಿ ಯಾರು ನೋಡ್ತಾರೆ ಅಂದಳು. ಮಗ, “ಒಂದು ದಿನ ಬಾಗಿಲು ಹಾಕೋಣ,” ಅಂದ. ಹೂಂ ಅನ್ನುವ ಸರದಿ ಅತ್ತೆಯದಾಯಿತು.

ಜೀವಮಾನವೆಲ್ಲ ಗೋಧಿಯಲ್ಲೇ ಕೈಯಾಡಿಸಿದವಳು ಗೋಧಿಯ ಹೊಲವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬದುವಿನ ಮೇಲೆ ನಿಂತು ಒಂದು ತೆನೆಯನ್ನು ಅಂಗೈಯಲ್ಲಿ ತೂಗಿದಳು. ಪಕ್ಕದ ಹೊಲಗಳಲ್ಲಿ ಬಣ್ಣ ಕೆಟ್ಟ ಪೈರು ಬಾಗಿ ಬಿದ್ದಿತ್ತು. ಈ ಹೊಲ ಮಾತ್ರ ಬುಡದಿಂದ ತುದಿವರೆಗೆ ನೆಟ್ಟಗೆ, ಎಲೆಯಲ್ಲಿ ಇನ್ನೂ ಹಸಿರು ಉಳಿಸಿಕೊಂಡು, ಗಾಳಿ ಬಂದಾಗ ಒಂದೇ ಸಲ ಹೊರಳುತ್ತಿತ್ತು. ಸೊಸೆ ಸಾಲಿನೊಳಗೆ ಹೋಗಿ, ಎಲೆಗಳನ್ನು ಮಗುಚಿ ಮಗುಚಿ ನೋಡುತ್ತಿದ್ದಳು. ತಾನು ಕೂಡಿಸಿದ ತೆನೆ, ಈಗ ಅವಳ ಹೆಸರಿನಲ್ಲಿಲ್ಲದ ತೆನೆ.

ನೆರೆ ಹೊಲದ ರೈತನೊಬ್ಬ ಬದುವಿಗೆ ಬಂದ. ಅವನ ಕಣ್ಣು ಹೊಲದ ಮೇಲೇ ನೆಟ್ಟಿತ್ತು.

“ಇದರ ಕಾಳು ನನಗಿಷ್ಟು ಬಿತ್ತೋಕೆ ಕೊಡಪ್ಪ.”

“ಇದು ಹೈಬ್ರಿಡ್ಡು. ಇದರ ಕಾಳು ಬಿತ್ತಿದ್ರೆ ಒಂದು ಗಿಡ ಅಪ್ಪನ ಹಾಗೆ, ಒಂದು ಅಮ್ಮನ ಹಾಗೆ ಬರುತ್ತೆ,” ಅಂದ ಅಣ್ಣ. “ಪ್ರತಿ ವರ್ಷ ಕೇಂದ್ರದ ಬೀಜವೇ ತರಬೇಕು. ಇನ್ನೊಂದು ಮಾತು. ಇದರಲ್ಲಿ ಬ್ರೆಡ್ ಏಳಲ್ಲ. ಬೆಲೆ ಕಮ್ಮಿ. ಅದನ್ನ ಯೋಚನೆ ಮಾಡಿ ಆಮೇಲೆ ತಗೋ.”

“ಅಯ್ಯೋ, ಯಾರೋ ಬೇಕರಿಯವರು ಚೆನ್ನಾಗಿ ಎಬ್ಬಿಸಿದ್ರಂತಲ್ಲ. ನಾನೂ ಕೇಳಿದೀನಿ.”

ಅಣ್ಣ ಅತ್ತೆಯ ಕಡೆ ನೋಡಲಿಲ್ಲ. ಆದರೆ ದನಿ ತಗ್ಗಿಸಲೂ ಇಲ್ಲ.

“ಎಬ್ಬಿಸಿದ್ದು ನಾನು. ಕದ್ದು ಬೇರೆ ಹಿಟ್ಟು ಬೆರೆಸಿ. ಆ ಬೇಕರಿಯಮ್ಮನಿಗೆ ಗೊತ್ತೂ ಇರಲಿಲ್ಲ. ಅವರ ಹೆಸರು ಕೆಡಿಸಿದ್ದು ನಾನು, ನನ್ನ ತಂಗಿ ಕೈಯಿಂದ ಈ ಗೋಧಿ ಹೋಗೋ ಹಾಗೆ ಮಾಡಿದ್ದೂ ನಾನೇ. ಯಾರಾದ್ರೂ ಬ್ರೆಡ್ ಏಳುತ್ತೆ ಅಂದ್ರೆ ನನ್ನ ಹತ್ರ ಕಳಿಸು, ಇದನ್ನೇ ಹೇಳ್ತೀನಿ.”

ರೈತ ತಲೆ ಕೆರೆದುಕೊಂಡು, ಇನ್ನೊಮ್ಮೆ ಹೊಲವನ್ನು ನೋಡಿ ಹೊರಟುಹೋದ. ಸಾಲಿನೊಳಗೆ ಸೊಸೆ ಎಲೆ ಹಿಡಿದಲ್ಲೇ ನಿಂತಿದ್ದಳು. ಗಾಳಿ ಒಂದು ಸಲ ಬಂದು ಹೋಯಿತು. ಪುಟ್ಟಿ ಅಜ್ಜಿಯ ಮುಖ ನೋಡಿದಳು, ಯಾವ ಮಾತು ದಾಟಿಸಬೇಕೋ ಅಂತ ಕಾದಂತೆ.

ಅತ್ತೆ ಬದುವಿನ ಮೇಲೆ ಕೂತು, ತಂದಿದ್ದ ಬುಟ್ಟಿಯ ಬಟ್ಟೆ ಬಿಚ್ಚಿದಳು.

“ಬಿಸಿಲಲ್ಲಿ ನಿಂತದ್ದು ಸಾಕು ಕಣಪ್ಪ,” ಅಂದಳು ಅಣ್ಣನಿಗೆ. “ಬಾ, ಕೂತ್ಕೋ. ನಿನ್ನ ಹೆಂಡತೀನೂ ಕರಿ. ಬ್ರೆಡ್ ಆರಿಹೋಗುತ್ತೆ.”